ತಡೆದದ್ದೆಷ್ಟು, ಬಿದ್ದದ್ದೆಷ್ಟು: ಕ್ಷಿಪಣಿ ಕವಚದ ಲೆಕ್ಕವೂ ನಾಯಕರ ಮಾತೂ

2025ರ ಜೂನ್ 23ರ ರಾತ್ರಿ ಇರಾನ್ ಕತಾರಿನಲ್ಲಿ ಅಮೆರಿಕದ ಪಡೆಗಳಿರುವ ಅಲ್ ಉದೈದ್ ವಾಯುನೆಲೆಯ ಮೇಲೆ ಕ್ಷಿಪಣಿಗಳನ್ನು ಹಾರಿಸಿತು. ಅಮೆರಿಕದ ಅಧ್ಯಕ್ಷ ಟ್ರಂಪ್ ಕೊಟ್ಟ ಲೆಕ್ಕದಲ್ಲಿ ಬಂದದ್ದು 14. ಅದರಲ್ಲಿ 13ನ್ನು ಹೊಡೆದು ಬೀಳಿಸಲಾಯಿತು, ಉಳಿದೊಂದು ಅಪಾಯವಿಲ್ಲದ ದಿಕ್ಕಿಗೆ ಹೊರಟಿದ್ದರಿಂದ ಅದನ್ನು ಹೋಗಬಿಡಲಾಯಿತು ಎಂದರು. ಕತಾರಿನ ಸೇನಾಧಿಕಾರಿ ಕೊಟ್ಟ ಲೆಕ್ಕ ಬೇರೆಯಿತ್ತು. ಮೊದಲು 7, ಆಮೇಲೆ 12, ಒಟ್ಟು 19 ಬಂದವು, ಒಂದು ಮಾತ್ರ ನೆಲೆಯೊಳಗೆ ಬಿತ್ತು ಎಂದು ಅವರು ತಿಳಿಸಿದರು. ಜುಲೈ 11ರಂದು ಉಪಗ್ರಹ ಚಿತ್ರಗಳು ಹೊರಬಂದವು. ನೆಲೆಯಲ್ಲಿದ್ದ ಸಂವಹನ ಉಪಕರಣದ ದುಂಡನೆಯ ಗುಮ್ಮಟವೊಂದು ಇದ್ದ ಜಾಗ ಸುಟ್ಟು ಕರಕಲಾಗಿತ್ತು. ಒಂದು ಕ್ಷಿಪಣಿ ನೆಲೆಗೆ ಬಡಿದದ್ದು ಹೌದು ಎಂದು ಪೆಂಟಗನ್ ಅಂದೇ ಒಪ್ಪಿಕೊಂಡಿತು. ಯಾರಿಗೂ ಪ್ರಾಣಹಾನಿ ಆಗಿರಲಿಲ್ಲ. ರಕ್ಷಣೆ ಚೆನ್ನಾಗಿಯೇ ಕೆಲಸ ಮಾಡಿತ್ತು. ಆದರೂ ಒಂದು ಬಿದ್ದದ್ದನ್ನು ಅಮೆರಿಕ ಒಪ್ಪಿಕೊಳ್ಳಲು 18 ದಿನ ಹಿಡಿಯಿತು.

ಕತಾರಿನಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ನಮ್ಮ ಕಾಸರಗೋಡು ಜಿಲ್ಲೆಯ ಉಪ್ಪಳ, ಕುಂಬಳೆ, ಮಂಜೇಶ್ವರ, ಬದಿಯಡ್ಕದ ಮನೆಮನೆಗಳಿಗೂ ದೋಹಾ, ದುಬೈ, ಕುವೈತ್, ಬಹರೇನಿಗೂ ಇರುವ ನಂಟು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾದದ್ದಲ್ಲ. ಆ ರಾತ್ರಿ ಕತಾರಿನ ಆಕಾಶಮಾರ್ಗ ಮುಚ್ಚಿತು, ಭಾರತದಿಂದ ಹೊರಟ ಹಲವು ವಿಮಾನಗಳು ಅರ್ಧದಾರಿಯಿಂದ ಹಿಂದಿರುಗಿದವು. ಇಂಥ ರಾತ್ರಿಗಳಲ್ಲಿ ಊರಿನ ಮನೆಗಳು ಎದುರು ನೋಡುವುದು ಒಂದು ಸಂಖ್ಯೆಯನ್ನು. ಎಷ್ಟು ಬಂತು, ಎಷ್ಟು ತಡೆದರು, ಎಷ್ಟು ಬಿತ್ತು? ಆ ಸಂಖ್ಯೆ ಹೇಗೆ ಹುಟ್ಟುತ್ತದೆ, ಅದನ್ನು ಎಷ್ಟು ನಂಬಬಹುದು ಎಂದು ತಿಳಿಯಬೇಕಾದರೆ ಮೊದಲು ಕವಚ ಕೆಲಸ ಮಾಡುವ ಕ್ರಮ ಗೊತ್ತಿರಬೇಕು.

ಬ್ಯಾಲಿಸ್ಟಿಕ್ ಕ್ಷಿಪಣಿಯ ಎಂಜಿನ್ ಉರಿಯುವುದು ಮೊದಲ ಒಂದೆರಡು ನಿಮಿಷ ಮಾತ್ರ. ಆ ಉರಿಯನ್ನು ಅಂತರಿಕ್ಷದಲ್ಲಿರುವ ಅವಗೆಂಪು ಉಪಗ್ರಹಗಳು ಗುರುತಿಸುತ್ತವೆ. ಅಲ್ಲಿಂದ ಮುಂದೆ ಅದು ಎಸೆದ ಕಲ್ಲಿನ ಹಾದಿಯಲ್ಲೇ ಸಾಗುವುದರಿಂದ, ನೆಲದ ರಾಡಾರ್ ಕೆಲವು ಸೆಕೆಂಡು ಹಿಂಬಾಲಿಸಿದರೆ ಅದು ಬೀಳುವ ಜಾಗವನ್ನು ಲೆಕ್ಕಹಾಕಬಹುದು. 300 ಕಿಲೋಮೀಟರ್ ದೂರದಿಂದ ಹೊರಟದ್ದು ನಾಲ್ಕೈದು ನಿಮಿಷದಲ್ಲಿ ಬಂದು ಬೀಳುತ್ತದೆ. 1500 ಕಿಲೋಮೀಟರ್ ದೂರದಿಂದ ಹೊರಟದ್ದಕ್ಕೆ ಹತ್ತು ಹನ್ನೆರಡು ನಿಮಿಷ ಬೇಕು. ಅದು ಮರುಭೂಮಿಗೋ ಸಮುದ್ರಕ್ಕೋ ಬೀಳುವಂತಿದ್ದರೆ ಹೊಡೆಯದೆ ಬಿಡುತ್ತಾರೆ. ಇದು ಸರಿಯಾದ ಕ್ರಮವೇ, ಏಕೆಂದರೆ ಒಂದೊಂದು ತಡೆಕ್ಷಿಪಣಿಗೂ ಅಪಾರ ಬೆಲೆಯಿದೆ. ಅಮೆರಿಕದ ಪೇಟ್ರಿಯಟ್ ವಾಯುರಕ್ಷಣಾ ವ್ಯವಸ್ಥೆಯ ಪಿಎಸಿ-3 ಎಂಎಸ್‌ಇ ಒಂದಕ್ಕೆ ಸುಮಾರು 40 ಲಕ್ಷ ಡಾಲರ್. ಅಮೆರಿಕದ್ದೇ ಆದ ಥಾಡ್ ವ್ಯವಸ್ಥೆಯ ಒಂದು ತಡೆಕ್ಷಿಪಣಿಗೆ 1.2 ಕೋಟಿ ಡಾಲರಿಗೂ ಮೇಲೆ.

ಹೊಡೆಯಲೇಬೇಕೆಂದಾದರೆ ಸಾಮಾನ್ಯವಾಗಿ ಒಂದು ಗುರಿಗೆ ಎರಡು ಹಾರಿಸುತ್ತಾರೆ. ಪಿಎಸಿ-3, ಥಾಡ್ ನೇರವಾಗಿ ಡಿಕ್ಕಿ ಹೊಡೆದು ಸಿಡಿತಲೆಯನ್ನೇ ಪುಡಿಮಾಡುವ ಬಗೆಯವು. ಹಳೆಯ ಪಿಎಸಿ-2, ನಮ್ಮ ಆಕಾಶ್ ಮೊದಲಾದವು ಗುರಿಯ ಹತ್ತಿರ ಸಿಡಿದು ಚೂರುಗಳಿಂದ ಹೊಡೆಯುತ್ತವೆ. ಈ ವ್ಯತ್ಯಾಸ ದೊಡ್ಡದು. ವಿಮಾನಕ್ಕೆ ನಾಲ್ಕು ಚೂರು ತಾಗಿದರೆ ಅದು ಬೀಳುತ್ತದೆ. ಬ್ಯಾಲಿಸ್ಟಿಕ್ ಕ್ಷಿಪಣಿಯ ಬಾಲಕ್ಕೆ ಚೂರು ತಾಗಿದರೆ ಬಾಲವಷ್ಟೇ ಮುರಿಯುತ್ತದೆ, ಸಿಡಿತಲೆ ಅದೇ ಹಾದಿಯಲ್ಲಿ ಕೆಳಗಿಳಿದು ಸ್ವಲ್ಪ ಆಚೀಚೆ ಸ್ಫೋಟಿಸಬಹುದು. ರಾಡಾರ್ ಪರದೆಯಲ್ಲಿ ಅದು ‘ತಡೆಯಿತು’ ಎಂದು ದಾಖಲಾಗಿದ್ದರೂ ಕೆಳಗಿನ ಬೀದಿಯವರ ಪಾಲಿಗೆ ಕ್ಷಿಪಣಿ ಬಿದ್ದೇ ಬಿದ್ದಿದೆ.

ಮುಂದಿನ ಪ್ರಶ್ನೆ, ಕವಚ ಎಷ್ಟು ಅಗಲ ಎನ್ನುವುದು. ಬ್ಯಾಲಿಸ್ಟಿಕ್ ಕ್ಷಿಪಣಿಯ ಎದುರು ಪೇಟ್ರಿಯಟ್ ಕಾಯುವುದು ತನ್ನ ಸುತ್ತಲಿನ ಕೆಲವು ಹತ್ತು ಕಿಲೋಮೀಟರ್ ಜಾಗವನ್ನು ಮಾತ್ರ. ಅಂಗಳದಲ್ಲಿ ಒಣಹಾಕಿದ ಅಡಕೆಗೆ ಟರ್ಪಾಲು ಹೊದಿಸಿದರೆ ಅಡಕೆ ಉಳಿಯುತ್ತದೆ, ಊರು ನೆನೆಯದೇ ಇರುವುದಿಲ್ಲ. ‘ದೇಶಕ್ಕೆ ಕವಚವಿದೆ’ ಎಂದು ಯಾರಾದರೂ ಹೇಳಿದರೆ ಯಾವ ಅಂಗಳಕ್ಕೆ ಎಂದು ಕೇಳಬೇಕು. ಉತ್ತರ ಬಹುಪಾಲು ವಾಯುನೆಲೆ, ರಾಜಧಾನಿ, ಬಂದರು, ತೈಲಾಗಾರ ಎಂದಿರುತ್ತದೆ. ಕಾರ್ಮಿಕರ ವಸತಿ ಅದರ ಪಕ್ಕದಲ್ಲಿದ್ದರೆ ನೆರಳು ಸಿಗುತ್ತದೆ, ಜೊತೆಗೇ ಗುರಿಯ ಪಕ್ಕದಲ್ಲಿರುವ ಅಪಾಯವೂ ಇರುತ್ತದೆ. 2022ರ ಜನವರಿ 17ರಂದು ಯೆಮೆನಿನ ಹೂತಿ ಬಂಡುಕೋರರು ಅಬುಧಾಬಿಯ ಮೇಲೆ ದಾಳಿ ಮಾಡಿದಾಗ ಮುಸಫ್ಫಾದ ತೈಲಾಗಾರದಲ್ಲಿ ಸತ್ತ ಮೂವರಲ್ಲಿ ಇಬ್ಬರು ಭಾರತೀಯರು, ಒಬ್ಬರು ಪಾಕಿಸ್ತಾನಿ. ಥಾಡ್ ಯುದ್ಧದಲ್ಲಿ ಮೊದಲ ಬಾರಿಗೆ ಗುರಿ ಹೊಡೆದದ್ದೂ ಅದೇ ದಿನ. ಎರಡೂ ನಿಜ, ಎರಡನ್ನೂ ಒಟ್ಟಿಗೆ ಹೇಳಿದರೆ ಮಾತ್ರ ಅಂದಿನ ಸುದ್ದಿ ಪೂರ್ತಿಯಾಗುತ್ತದೆ.

ಕವಚ ಸೋಲುವ ದಾರಿಗಳೂ ಗೊತ್ತಿರುವಂಥವೇ. ಮೊದಲನೆಯದು ಸಂಖ್ಯೆ. ಒಂದು ಲಾಂಚರಿನಲ್ಲಿ 12 ಪಿಎಸಿ-3 ಎಂಎಸ್‌ಇ, ಬ್ಯಾಟರಿ ಎಂದು ಕರೆಯುವ ಆರು ಲಾಂಚರಿನ ಘಟಕದಲ್ಲಿ 72. ಗುರಿಗೆ ಎರಡೆರಡು ಹಾರಿಸಿದರೆ 36 ಗುರಿಗೆ ಮುಗಿಯಿತು. ಮತ್ತೆ ತುಂಬಲು ಕ್ರೇನ್ ಬೇಕು, ಸಮಯ ಬೇಕು. ಮೊದಲು ಅಗ್ಗದ ಡ್ರೋನ್, ಹಿಂದಿನಿಂದ ನಿಜವಾದ ಕ್ಷಿಪಣಿ ಎಂಬ ತಂತ್ರ ಹುಟ್ಟಿದ್ದೇ ಈ ಲೆಕ್ಕದಿಂದ. ಎರಡನೆಯದು ಭೂಮಿಯ ದುಂಡು. 10 ಮೀಟರ್ ಎತ್ತರದ ರಾಡಾರಿಗೆ 50 ಮೀಟರ್ ಎತ್ತರದಲ್ಲಿ ಬರುವ ಡ್ರೋನ್ ಕಾಣುವುದು ಸುಮಾರು 40 ಕಿಲೋಮೀಟರ್ ಹತ್ತಿರ ಬಂದಮೇಲೆ. ನಡುವೆ ಗುಡ್ಡವಿದ್ದರೆ ಇನ್ನೂ ತಡ. ಹಲವು ರಾಡಾರುಗಳ ನೋಟವನ್ನು ಒಂದೇ ಚಿತ್ರವಾಗಿ ಹೊಲಿಯುವ ಆಕಾಶ್‌ತೀರ್‌ನಂಥ ವ್ಯವಸ್ಥೆ ಬೇಕಾದದ್ದು ಇದಕ್ಕೇ. ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅದು ಪಾಕಿಸ್ತಾನದೊಂದಿಗಿನ 2025ರ ಮೇ ತಿಂಗಳ ಸಂಘರ್ಷದಲ್ಲಿ ಬಳಕೆಯಾಯಿತು. ಮೂರನೆಯದು, ಹೆಚ್ಚು ಚರ್ಚೆಯಾಗದ್ದು, ಮಾಹಿತಿ ಸರಿಯಾಗಿ ದಾಟದಿರುವುದು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

1991ರ ಗಲ್ಫ್ ಯುದ್ಧದಲ್ಲಿ, ಫೆಬ್ರವರಿ 25ರಂದು, ಸೌದಿ ಅರೇಬಿಯದ ದಹ್ರಾನಿನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಯೊಂದು ಅಮೆರಿಕದ ಸೈನಿಕರ ವಸತಿಗೆ ಬಿದ್ದು 28 ಮಂದಿ ಸತ್ತರು. ಕಾವಲಿಗಿದ್ದ ಪೇಟ್ರಿಯಟ್ ಬ್ಯಾಟರಿ ಒಂದು ಕ್ಷಿಪಣಿಯನ್ನೂ ಹಾರಿಸಲಿಲ್ಲ. ಅದರ ಕಂಪ್ಯೂಟರ್ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗಗಳಲ್ಲಿ ಎಣಿಸುತ್ತಿತ್ತು. ಹತ್ತನೇ ಒಂದು ಎಂಬ ಭಿನ್ನರಾಶಿ ದ್ವಿಮಾನ ಪದ್ಧತಿಯಲ್ಲಿ ಮುಗಿಯುವುದೇ ಇಲ್ಲ. 24 ಬಿಟ್‌ಗೆ ಕತ್ತರಿಸಿದಾಗ ಪ್ರತಿ ಎಣಿಕೆಯಲ್ಲೂ ಕೂದಲೆಳೆಯಷ್ಟು ತಪ್ಪು ಉಳಿಯುತ್ತದೆ. ಬ್ಯಾಟರಿ ಸತತ 100 ಗಂಟೆ ಓಡಿತ್ತು. ತಪ್ಪು ಸೇರಿ ಸೇರಿ ಸೆಕೆಂಡಿನ ಮೂರನೇ ಒಂದು ಭಾಗವಾಗಿತ್ತು. ರಾಡಾರ್ ಮೊದಲ ನೋಟದಲ್ಲಿ ಸ್ಕಡ್ಡನ್ನು ಕಂಡು, ಮರುಕ್ಷಣ ಅದು ಎಲ್ಲಿರಬೇಕೋ ಅಷ್ಟೇ ಕಿಂಡಿಯಲ್ಲಿ ಹುಡುಕುತ್ತದೆ. ಆ ಕಿಂಡಿ ಅರ್ಧ ಕಿಲೋಮೀಟರಿಗೂ ಹೆಚ್ಚು ಸರಿದುಹೋಗಿತ್ತು. ಅಲ್ಲಿ ಏನೂ ಕಾಣಲಿಲ್ಲ, ಸುಳ್ಳು ಗುರುತೆಂದು ಯಂತ್ರ ಕೈಬಿಟ್ಟಿತು.

ಇದು ಮೊದಲೇ ಗೊತ್ತಿತ್ತು ಎಂಬುದು ನೋವಿನ ಸಂಗತಿ. ಎಂಟು ಗಂಟೆ ಓಡಿದರೆ ಕಿಂಡಿ ಸರಿಯುತ್ತದೆ ಎಂದು ಇಸ್ರೇಲಿನವರು ಫೆಬ್ರವರಿ 11ರಂದೇ ದತ್ತಾಂಶ ಕೊಟ್ಟಿದ್ದರು. 16ರಂದು ತಿದ್ದಿದ ತಂತ್ರಾಂಶ ತಯಾರಾಯಿತು. 21ರಂದು ಎಲ್ಲ ಬ್ಯಾಟರಿಗಳಿಗೂ ಸಂದೇಶ ಹೋಯಿತು. ತುಂಬ ಹೊತ್ತು ಓಡಿಸಿದರೆ ಗುರಿ ತಪ್ಪಬಹುದು ಎಂದಷ್ಟೇ ಅದರಲ್ಲಿತ್ತು. ತುಂಬ ಹೊತ್ತು ಎಂದರೆ ಎಷ್ಟು ಗಂಟೆ? ಬರೆದಿರಲಿಲ್ಲ. ಸುಮಾರು 20 ಗಂಟೆ ದಾಟಿದರೆ ಗುರಿ ಕಿಂಡಿಯಿಂದ ಹೊರಗೇ ಉಳಿಯುತ್ತದೆ ಎಂದು ಆಮೇಲಿನ ತನಿಖೆ ತೋರಿಸಿತು. ‘ಎಂಟು ಗಂಟೆಗೊಮ್ಮೆ ಆಫ್ ಮಾಡಿ ಆನ್ ಮಾಡಿ’ ಎಂದು ಒಂದು ಸಾಲು ಸಾಕಿತ್ತು, ಆ ಕೆಲಸಕ್ಕೆ ಬೇಕಿದ್ದದ್ದು ಒಂದೂವರೆ ನಿಮಿಷಕ್ಕಿಂತ ಕಡಿಮೆ. ಹೊಸ ತಂತ್ರಾಂಶ ದಹ್ರಾನಿಗೆ ತಲುಪಿದ್ದು ಫೆಬ್ರವರಿ 26ರಂದು, ಸಾವಿನ ಮರುದಿನ.

ಅದೇ ಯುದ್ಧದಲ್ಲಿ ನಾಯಕರ ಮಾತು ಹೇಗಿತ್ತೆಂದು ನೋಡಿ. ದಹ್ರಾನಿಗೆ ಹತ್ತು ದಿನ ಮೊದಲು, ಫೆಬ್ರವರಿ 15ರಂದು, ಅಧ್ಯಕ್ಷ ಬುಷ್ ಪೇಟ್ರಿಯಟ್ ತಯಾರಿಸುವ ಕಾರ್ಖಾನೆಯಲ್ಲಿ ನಿಂತು 42 ಸ್ಕಡ್‌ಗಳಲ್ಲಿ 41ನ್ನು ತಡೆದಿದ್ದೇವೆ ಎಂದರು. ಯುದ್ಧ ಮುಗಿದಮೇಲೆ ಸೇನೆ ಸೌದಿಯಲ್ಲಿ ಶೇ. 80, ಇಸ್ರೇಲಿನಲ್ಲಿ ಶೇ. 50 ಎಂದಿತು. ಮತ್ತೊಮ್ಮೆ ಇಳಿಸಿ 70 ಮತ್ತು 40 ಮಾಡಿತು. 1992ರಲ್ಲಿ ಅಮೆರಿಕದ ಲೆಕ್ಕಪರಿಶೋಧಕರು ಕಡತಗಳನ್ನು ನೋಡಿದಾಗ, ಸಿಡಿತಲೆ ನಾಶವಾಯಿತೆಂಬುದಕ್ಕೆ ಬಲವಾದ ಪುರಾವೆ ಸಿಕ್ಕಿದ್ದು ಸುಮಾರು ಶೇ. 9 ಪ್ರಸಂಗಗಳಲ್ಲಿ. ಬುಷ್ ಬೇಕೆಂದೇ ಸುಳ್ಳು ಹೇಳಿದರು ಎನ್ನಬೇಕಾಗಿಲ್ಲ. ಎರಡು ಕ್ಷಿಪಣಿಗಳ ಹಾದಿ ಆಕಾಶದಲ್ಲಿ ಒಂದನ್ನೊಂದು ದಾಟಿದ್ದನ್ನೂ ಅಂದಿನ ಲೆಕ್ಕ ‘ತಡೆದದ್ದು’ ಎಂದು ಸೇರಿಸಿಕೊಂಡಿತ್ತು. ಮೇಲಿನವರಿಗೆ ಹಿತವಾದ ಅಂಕಿ ಕೆಳಗಿನಿಂದ ಏರುತ್ತ ಹೋಗುವಾಗ ಅದರ ಷರತ್ತುಗಳು ಒಂದೊಂದಾಗಿ ಉದುರುತ್ತವೆ. ನಾಯಕನ ಹೊಣೆ ಇರುವುದು ಇಲ್ಲೇ. ಮೈಕಿನ ಎದುರು ನಿಲ್ಲುವ ಮೊದಲು ‘ತಡೆದದ್ದು ಅಂದರೇನು, ಯಾರು ಎಣಿಸಿದರು’ ಎಂದು ಕೇಳುವ ಕೆಲಸ ಅವನದು.

ನಮ್ಮ ತಡೆಕ್ಷಿಪಣಿ ಶೇ. 97ರಷ್ಟು ಸಲ ಗುರಿ ಹೊಡೆಯುತ್ತದೆ ಎಂದು 2017ರ ಅಕ್ಟೋಬರಿನಲ್ಲಿ ಟ್ರಂಪ್ ಹೇಳಿದ ಕಥೆಯೂ ಇಂಥದೇ. ಅಲಾಸ್ಕ, ಕ್ಯಾಲಿಫೋರ್ನಿಯಗಳಲ್ಲಿರುವ ದೂರಗಾಮಿ ಕ್ಷಿಪಣಿ ತಡೆ ವ್ಯವಸ್ಥೆ ಆಗ 18 ಪರೀಕ್ಷೆಗಳಲ್ಲಿ 10ರಲ್ಲಿ ಗೆದ್ದಿತ್ತು, ಅಂದರೆ ಶೇ. 56. ಒಂದು ಗುರಿಗೆ ನಾಲ್ಕು ಹಾರಿಸಿದರೆ ನಾಲ್ಕೂ ತಪ್ಪುವ ಸಾಧ್ಯತೆ 0.44 ಅನ್ನು ನಾಲ್ಕು ಬಾರಿ ಗುಣಿಸಿದಷ್ಟು, ಶೇ. 4ಕ್ಕೂ ಸ್ವಲ್ಪ ಕಡಿಮೆ. ಹಾಗೆ 96–97 ಬರುತ್ತದೆ. ಗುಣಾಕಾರ ಸರಿ, ಅದರ ಅಡಿಪಾಯ ಸಡಿಲ. ಒಂದು ತಪ್ಪಿದ ಕಾರಣ ಇನ್ನೊಂದಕ್ಕೆ ಅನ್ವಯಿಸದಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ತಂತ್ರಾಂಶದಲ್ಲೋ ಸೆನ್ಸರಿನಲ್ಲೋ ದೋಷವಿದ್ದರೆ ನಾಲ್ಕೂ ಒಂದೇ ರೀತಿ ತಪ್ಪುತ್ತವೆ. ನಾಲ್ಕು ನಾಲ್ಕರಂತೆ ಖರ್ಚು ಮಾಡಿದರೆ ಆ 44 ತಡೆಕ್ಷಿಪಣಿಗಳು 11 ಗುರಿಗಳಿಗೆ ಮುಗಿಯುತ್ತವೆ ಎಂಬುದನ್ನು ಆ ಮಾತಿನಲ್ಲಿ ಯಾರೂ ಕೇಳಲಿಲ್ಲ. 2025ರ ಮೇ 20ರಂದು ಅವರೇ ಘೋಷಿಸಿದ, ಅಮೆರಿಕಕ್ಕೆಲ್ಲ ಕ್ಷಿಪಣಿ ಕವಚ ಎಂಬ ‘ಗೋಲ್ಡನ್ ಡೋಮ್’ಗೂ ಇದೇ ಧಾಟಿ: ಮೂರು ವರ್ಷ, 175 ಶತಕೋಟಿ ಡಾಲರ್, ಶೇ. 100ಕ್ಕೆ ತೀರ ಹತ್ತಿರ. ಅದೇ ತಿಂಗಳು ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ, ಅಂತರಿಕ್ಷದಲ್ಲಿ ಇಡುವ ತಡೆಕ್ಷಿಪಣಿಗಳಿಗೇ 20 ವರ್ಷದಲ್ಲಿ 161ರಿಂದ 542 ಶತಕೋಟಿ ಡಾಲರ್ ಬೇಕಾಗಬಹುದು ಎಂದು ಅಂದಾಜಿಸಿತ್ತು.

ನಮ್ಮಲ್ಲಿಯೂ 2025ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ ‘ಸುದರ್ಶನ ಚಕ್ರ’ ಎಂಬ ರಕ್ಷಣಾ ಕವಚದ ಯೋಜನೆಯನ್ನು ಘೋಷಿಸಿದ್ದಾರೆ, ಗುರಿ 2035. ಎಂಟು ದಿನಗಳ ಬಳಿಕ ಒಡಿಶಾ ಕರಾವಳಿಯಲ್ಲಿ ಹಲವು ಪದರಗಳ ವಾಯುರಕ್ಷಣಾ ವ್ಯವಸ್ಥೆಯ ಮೊದಲ ಪರೀಕ್ಷೆ ನಡೆಯಿತು. ಇದು ಶೂನ್ಯದಿಂದ ಶುರುವಾದದ್ದಲ್ಲ. 2006ರ ನವೆಂಬರಿನಲ್ಲಿ ವಾತಾವರಣದ ಮೇಲೆಯೂ 2007ರ ಡಿಸೆಂಬರಿನಲ್ಲಿ ಒಳಗೂ ಡಿಆರ್‌ಡಿಒ ಕ್ಷಿಪಣಿ ತಡೆದು ತೋರಿಸಿತ್ತು. ಸಾಮರ್ಥ್ಯದ ಬಗ್ಗೆ ಹೆಮ್ಮೆಪಡಲು ಕಾರಣಗಳಿವೆ. ಹೆಮ್ಮೆಯ ಜೊತೆ ಕೇಳಬೇಕಾದ ಪ್ರಶ್ನೆಗಳೂ ಇವೆ: ಪರೀಕ್ಷೆಯಲ್ಲಿ ಗುರಿ ಬರುವ ಸಮಯ ಮೊದಲೇ ಗೊತ್ತಿತ್ತೇ? ಒಂದೇ ಗುರಿಯೇ, ಹಲವೇ? ಮೋಸದ ಗುರಿಗಳಿದ್ದವೇ? ಕಾಯುವುದು ಯಾವ ನಗರಗಳನ್ನು, ಯಾವ ಕ್ರಮದಲ್ಲಿ?

ಭಾರತ ತಪ್ಪನ್ನು ಒಪ್ಪಿಕೊಂಡ ಉದಾಹರಣೆಗಳಿವೆ, ಅವು ತಡವಾದ ಉದಾಹರಣೆಗಳೂ ಹೌದು. 2019ರ ಫೆಬ್ರವರಿ 27ರಂದು ಬಡಗಾಮಿನಲ್ಲಿ ನಮ್ಮದೇ ಕ್ಷಿಪಣಿ ನಮ್ಮದೇ ಎಂಐ-17 ಹೆಲಿಕಾಪ್ಟರನ್ನು ಉರುಳಿಸಿತು. ವಾಯುಪಡೆಯ ಆರು ಮಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ಅದು ದೊಡ್ಡ ತಪ್ಪು ಎಂದು ವಾಯುಪಡೆಯ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿದ್ದು ಅಕ್ಟೋಬರ್ 4ರಂದು. ನಡುವೆ ಲೋಕಸಭಾ ಚುನಾವಣೆ ಮುಗಿದಿತ್ತು. 2022ರ ಮಾರ್ಚ್ 9ರಂದು ಬ್ರಹ್ಮೋಸ್ ಒಂದು ಅಕಸ್ಮಾತ್ ಹಾರಿ ಪಾಕಿಸ್ತಾನದ ಮಿಯಾಂ ಚನ್ನುವಿನಲ್ಲಿ ಬಿತ್ತು. ಮರುದಿನ ಪಾಕಿಸ್ತಾನದ ಸೇನೆ ಪತ್ರಿಕಾಗೋಷ್ಠಿ ಮಾಡಿತು, ನಮ್ಮ ರಕ್ಷಣಾ ಸಚಿವಾಲಯ ಹೇಳಿಕೆ ಕೊಟ್ಟದ್ದು 11ರಂದು. ಎರಡೂ ಕಡೆ ಅಣ್ವಸ್ತ್ರವಿರುವಾಗ ಎರಡು ದಿನದ ಮೌನ ಬಹಳ ದೀರ್ಘ. 2025ರ ಮೇ 8ರ ರಾತ್ರಿಯಂತೂ ಕೆಲವು ಟಿವಿ ವಾಹಿನಿಗಳು ಕರಾಚಿ ಬಂದರೇ ನಾಶವಾಯಿತೆಂದು ಕೂಗಿದವು. ಆ ಸಂಘರ್ಷದಲ್ಲಿ ನಾವು ವಿಮಾನ ಕಳೆದುಕೊಂಡದ್ದನ್ನು ಸೇನಾಪಡೆಗಳ ಮುಖ್ಯಸ್ಥರು ಸ್ಪಷ್ಟವಾಗಿ ಒಪ್ಪಿದ್ದು ಮೇ 31ರಂದು ಸಿಂಗಾಪುರದಲ್ಲಿ. ಒಪ್ಪಿದ್ದು ಒಳ್ಳೆಯದು. ಅದನ್ನು ಮೊದಲು ಕೇಳಬೇಕಾಗಿದ್ದುದು ನಮ್ಮ ಸಂಸತ್ತು.

ರಹಸ್ಯ ಬೇಡವೇ ಎಂದರೆ, ಬೇಕು. ಬ್ಯಾಟರಿ ಎಲ್ಲಿದೆ, ಎಷ್ಟು ತಡೆಕ್ಷಿಪಣಿ ಉಳಿದಿದೆ, ಶತ್ರುವಿನ ಕ್ಷಿಪಣಿ ಗುರಿಯಿಂದ ಎಷ್ಟು ಮೀಟರ್ ದೂರ ಬಿತ್ತು ಎಂದು ಹೇಳಿದರೆ ಮುಂದಿನ ಕ್ಷಿಪಣಿಯ ಗುರಿಯನ್ನು ಅವರು ತಿದ್ದಿಕೊಳ್ಳುತ್ತಾರೆ. ಹೀಗೆ ಹೇಳದೆ ಉಳಿಸುವುದು ಒಂದು, ಆಗದ್ದನ್ನು ಆಯಿತೆನ್ನುವುದು ಇನ್ನೊಂದು. 2020ರ ಜನವರಿ 8ರಂದು ಟೆಹರಾನಿನಿಂದ ಹೊರಟ ಉಕ್ರೇನಿನ ವಿಮಾನವನ್ನು ಇರಾನಿನ ವಾಯುರಕ್ಷಣಾ ಘಟಕವೇ ಹೊಡೆಯಿತು, 176 ಜನ ಸತ್ತರು. ಘಟಕವನ್ನು ಜಾಗ ಬದಲಿಸಿದಮೇಲೆ ರಾಡಾರಿನ ಉತ್ತರ ದಿಕ್ಕನ್ನು ಹೊಂದಿಸದೆ 107 ಡಿಗ್ರಿ ತಪ್ಪಿತ್ತು ಎಂದು ಇರಾನಿನ ವರದಿಯೇ ಹೇಳುತ್ತದೆ. ಆಕಾಶಮಾರ್ಗ ತೆರೆದೇ ಇತ್ತು. ಮೂರು ದಿನ ಸರ್ಕಾರ ಯಾಂತ್ರಿಕ ದೋಷ ಎಂದಿತು. ನಿಜ ಒಪ್ಪಿದ ದಿನ ಟೆಹರಾನಿನ ಬೀದಿಗಳಲ್ಲಿ ಪ್ರತಿಭಟನೆ ಶುರುವಾಯಿತು. ಗಲ್ಫ್ ವಿಮಾನ ಹತ್ತುವ ನಮ್ಮವರ ಸುರಕ್ಷೆ ನಿಂತಿರುವುದು ಕ್ಷಿಪಣಿ ಕವಚದ ಮೇಲೆ ಮಾತ್ರವಲ್ಲ, ಆಕಾಶಮಾರ್ಗವನ್ನು ಸಕಾಲದಲ್ಲಿ ಮುಚ್ಚುವ, ಕಾರಣವನ್ನು ನೇರವಾಗಿ ಹೇಳುವ ಆಡಳಿತದ ಮೇಲೆ.

ಕಾಸರಗೋಡಿಗೆ ಅಧಿಕೃತ ಭರವಸೆಯ ಬೆಲೆ ಚೆನ್ನಾಗಿ ಗೊತ್ತು. ಎರಡು ದಶಕ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗ ಭಯಪಡಬೇಕಾಗಿಲ್ಲ ಎಂದೇ ಹೇಳಲಾಗಿತ್ತು. ಎಣ್ಮಕಜೆ, ಪಡ್ರೆಯ ಮನೆಗಳಲ್ಲಿ ಅದರ ಫಲ ಇಂದಿಗೂ ಇದೆ. ಸುಪ್ರೀಂ ಕೋರ್ಟ್ ನಿಷೇಧಿಸಿದ್ದು 2011ರಲ್ಲಿ, ತಲಾ ಐದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿದ್ದು 2017ರಲ್ಲಿ. ಒಮ್ಮೆ ಹೀಗಾದ ಜಿಲ್ಲೆಯಲ್ಲಿ ಮುಂದೆ ಬರುವ ನಿಜವಾದ ಎಚ್ಚರಿಕೆಯನ್ನೂ ಜನ ಅನುಮಾನದಿಂದಲೇ ನೋಡುತ್ತಾರೆ.

ಗಲ್ಫಿನಲ್ಲಿರುವವರಿಗೆ ತಕ್ಷಣ ಉಪಯೋಗಕ್ಕೆ ಬರುವ ಮಾತು ಇಷ್ಟು. ಎಚ್ಚರಿಕೆ ಬಂದಾಗ ಟೆರೇಸಿಗೆ ಹೋಗಬೇಡಿ. ತಡೆ ಯಶಸ್ವಿಯಾದಾಗಲೂ ಎರಡೂ ಕ್ಷಿಪಣಿಗಳ ಚೂರುಗಳು ಕೆಳಗೇ ಬೀಳಬೇಕು. ಕಿಟಕಿಯಿಲ್ಲದ ಒಳಕೋಣೆ, ಇಲ್ಲವೇ ಕಟ್ಟಡದ ನಡುವಿನ ಮೆಟ್ಟಿಲಿನ ಜಾಗ ಒಳ್ಳೆಯದು. ಲಿಫ್ಟ್ ಬೇಡ. ಬಿದ್ದ ಲೋಹದ ಚೂರನ್ನು ಮುಟ್ಟಬಾರದು, ಸಿಡಿಯದ ಮದ್ದು ಅದರಲ್ಲಿರಬಹುದು. ವೀಡಿಯೊ ತೆಗೆದು ಗ್ರೂಪಿಗೆ ಹಾಕುವುದು ಇನ್ನೊಂದು ಅಪಾಯ. 2022ರ ಜನವರಿಯ ದಾಳಿಯ ಸಮಯದಲ್ಲಿ ತಡೆಯ ದೃಶ್ಯ ಹಂಚಿದವರನ್ನು ಯುಎಇಯ ಪ್ರಾಸಿಕ್ಯೂಷನ್ ಕರೆಸಿತ್ತು. ಅಲ್ಲಿನ 2021ರ ಸೈಬರ್ ಕಾನೂನಿನಲ್ಲಿ ವದಂತಿ ಹರಡಿದರೆ ಕನಿಷ್ಠ ಒಂದು ವರ್ಷ ಜೈಲು, ಒಂದು ಲಕ್ಷ ದಿರ್ಹಂ ದಂಡ. ಮನೆಗೆ ‘ನಾನು ಸುರಕ್ಷಿತ, ಇಂಥ ಕಡೆ ಇದ್ದೇನೆ, ಸಮಯ ಇಷ್ಟು’ ಎಂದು ಅಕ್ಷರದಲ್ಲಿ ಕಳಿಸಿದರೆ ಸಾಕು. ದಟ್ಟಣೆಯಲ್ಲಿ ಕರೆ ಸಿಗದಿದ್ದರೂ ಬರಹ ಹೋಗುವ ಸಾಧ್ಯತೆ ಹೆಚ್ಚು. ಊರಲ್ಲಿರುವವರು ಬಂದ ಸಂದೇಶದಲ್ಲಿ ದಿನಾಂಕ, ಸಮಯ, ಹೇಳಿದವರ ಹುದ್ದೆ ಇಲ್ಲದಿದ್ದರೆ ಮುಂದೆ ಕಳಿಸಬಾರದು.

ಇನ್ನು ನಮ್ಮದೇ ಜಿಲ್ಲೆಯ ಕೆಲಸ. 2025ರ ಮೇ 7ರ ಸಂಜೆ ನಾಲ್ಕು ಗಂಟೆಗೆ ಕೇರಳದ 14 ಜಿಲ್ಲೆಗಳಲ್ಲೂ ಸೈರನ್ ಅಣಕು ಕಾರ್ಯಾಚರಣೆ ನಡೆಯಿತು. 2023ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲೂ ಕೇರಳದಲ್ಲೂ ಮೊಬೈಲ್ ಟವರಿನಿಂದ ಎಲ್ಲ ಫೋನಿಗೂ ಒಮ್ಮೆಗೇ ಹೋಗುವ ಎಚ್ಚರಿಕೆಯ ಪರೀಕ್ಷೆಯೂ ಆಗಿದೆ. ಈ ವ್ಯವಸ್ಥೆಗೆ ಫೋನ್ ನಂಬರ್ ಬೇಡ, ದಟ್ಟಣೆಯೂ ಅಡ್ಡಿಯಲ್ಲ. ಟವರಿನ ವ್ಯಾಪ್ತಿಯಲ್ಲಿರುವ ಎಲ್ಲರಿಗೂ ಹೋಗುತ್ತದೆ. ಹಾಗಿರುವಾಗ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಟವರುಗಳಿಂದ ಹೋಗುವ ಸಂದೇಶ ಮಲಯಾಳದ ಜೊತೆ ಕನ್ನಡದಲ್ಲೂ ಇರಬೇಕು. ಪೆರ್ಲ, ಮುಳ್ಳೇರಿಯದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಅಜ್ಜಿಯೊಬ್ಬರು ನಾಲ್ಕು ನಿಮಿಷದೊಳಗೆ ಓದಿ ತಿಳಿಯಬೇಕಾದ ಸಂದೇಶವದು. ಇಂಥ ಸಂದೇಶದ ಒಂದು ಪುಟದಲ್ಲಿ ಇಂಗ್ಲಿಷಿನ 93 ಅಕ್ಷರ ಹಿಡಿದರೆ ಭಾರತೀಯ ಲಿಪಿಗಳ 41 ಸಂಕೇತ ಮಾತ್ರ ಹಿಡಿಯುತ್ತದೆ, ಹೆಚ್ಚೆಂದರೆ 15 ಪುಟ. ಕನ್ನಡದ ಒಂದು ಒತ್ತಕ್ಷರಕ್ಕೆ ಮೂರು ನಾಲ್ಕು ಸಂಕೇತ ಬೇಕು. ಆದ್ದರಿಂದ ವಾಕ್ಯಗಳು ಚಿಕ್ಕದಿರಬೇಕು, ಮೊದಲ ಪುಟದಲ್ಲೇ ಮಾಡಬೇಕಾದ ಕೆಲಸ ಇರಬೇಕು, ಅಪಾಯದ ಹೊತ್ತಿನಲ್ಲಿ ಕೂತು ಅನುವಾದಿಸುವಂತಿರಬಾರದು.

ಎಚ್ಚರಿಕೆಯಷ್ಟೇ ಮುಖ್ಯ ಅದನ್ನು ಹಿಂಪಡೆಯುವ ಸಂದೇಶ. 2018ರ ಜನವರಿ 13ರ ಬೆಳಿಗ್ಗೆ 8.07ಕ್ಕೆ ಅಮೆರಿಕದ ಹವಾಯಿ ರಾಜ್ಯದ ಎಲ್ಲ ಫೋನುಗಳಿಗೂ ಕ್ಷಿಪಣಿ ಬರುತ್ತಿದೆ, ಇದು ಅಣಕು ಅಲ್ಲ ಎಂದು ಸಂದೇಶ ಹೋಯಿತು. ಅಣಕು ಧ್ವನಿಮುದ್ರಣದಲ್ಲೇ ‘ಇದು ಅಣಕು ಅಲ್ಲ’ ಎಂಬ ಮಾತು ಸೇರಿಕೊಂಡಿತ್ತು, ಸಿಬ್ಬಂದಿಯೊಬ್ಬರು ಅದನ್ನು ನಿಜವೆಂದು ತಿಳಿದರು. ಸುಳ್ಳೆಂದು ರಾಜ್ಯಪಾಲರಿಗೆ 8.09ಕ್ಕೇ ಗೊತ್ತಾಯಿತು. ಟ್ವಿಟರ್ ಪಾಸ್‌ವರ್ಡ್ ಗೊತ್ತಿರದೆ ಅವರು ಬರೆದದ್ದು 8.24ಕ್ಕೆ. ಫೋನುಗಳಿಗೆ ತಿದ್ದುಪಡಿ ಹೋದದ್ದು 8.45ಕ್ಕೆ, 38 ನಿಮಿಷದ ಬಳಿಕ, ಏಕೆಂದರೆ ಹಿಂಪಡೆಯುವ ಸಂದೇಶವನ್ನು ಯಾರೂ ಬರೆದಿಟ್ಟಿರಲಿಲ್ಲ. ನಮ್ಮ ಜಿಲ್ಲಾ ಆಡಳಿತದ ಬಳಿ ಇವು ಇರಬೇಕು: ಮುಂಚೆಯೇ ಬರೆದು ಅನುಮೋದಿಸಿದ ಎಚ್ಚರಿಕೆ, ಅದರ ಪಕ್ಕದಲ್ಲೇ ‘ಅಪಾಯ ಇಲ್ಲ, ಹಿಂದಿನ ಸಂದೇಶ ತಪ್ಪು, ಸಮಯ ಇಷ್ಟು, ಮುಂದಿನ ಮಾಹಿತಿ ಇಷ್ಟು ಗಂಟೆಗೆ’ ಎಂಬ ತಿದ್ದುಪಡಿ, ಎರಡೂ ಮಲಯಾಳ ಮತ್ತು ಕನ್ನಡದಲ್ಲಿ. ಎಚ್ಚರಿಕೆ ಕಳಿಸಲು ಇಬ್ಬರ ಒಪ್ಪಿಗೆ ಬೇಕೆಂಬ ನಿಯಮ ಬೇಕು. ಹಿಂಪಡೆಯಲು ಕರ್ತವ್ಯದಲ್ಲಿರುವ ಒಬ್ಬರೇ ಸಾಕೆಂಬ ಅಧಿಕಾರ ಬೇಕು. ಮತ್ತು ಆ ತಿದ್ದುಪಡಿ ಎಚ್ಚರಿಕೆ ಹೋದ ಅದೇ ಟವರುಗಳಿಂದ, ಅದೇ ಜೋರು ಶಬ್ದದೊಂದಿಗೆ ಹೋಗಬೇಕು.